ಸೈಕಲ್ ಕ್ಯಾರಿಯರ್ ಮತ್ತು ಕೆಲಸದ ದಾರಿಯ ಹೊರೆ

ಸೈಕಲ್ಲಿನ ಚಕ್ರದ ಮೇಲೆ ಸಾಮಾನು ಇಡಲು ಜೋಡಿಸುವ ಲೋಹದ ಚೌಕಟ್ಟಿಗೆ ಕ್ಯಾರಿಯರ್ ಎಂದು ಹೆಸರು. ಹಿಂಚಕ್ರದ ಮೇಲಿನದು ಹೆಚ್ಚು ಬಳಕೆಯದು. ಮುಂಚಕ್ರದ ಮೇಲೂ ಉಂಟು. ದಿನವೂ ಕೆಲಸಕ್ಕೆ ಸೈಕಲ್ ತುಳಿಯುವವರ ಊಟದ ಡಬ್ಬಿ, ಬದಲು ಬಟ್ಟೆ, ಕಾಗದಪತ್ರ, ಲ್ಯಾಪ್‌ಟಾಪ್, ಮಳೆಯಂಗಿ, ಬೀಗ ಎಲ್ಲ ಸೇರಿದರೆ ಸಾಮಾನ್ಯವಾಗಿ ಐದಾರು ಕಿಲೋ ತೂಗುತ್ತವೆ. ಈ ತೂಕವನ್ನು ಸವಾರನ ಬೆನ್ನು ಹೊರಬೇಕೋ ಸೈಕಲ್ ಹೊರಬೇಕೋ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಭಾರತದ ಹಳೆಯ ಕಪ್ಪು ಸೈಕಲ್ ಇದಕ್ಕೆ ಚೆನ್ನಾಗಿಯೇ ಉತ್ತರ ಕೊಟ್ಟಿತ್ತು. ಗೇರ್ ಸೈಕಲ್ಲುಗಳು ಬಂದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಕೇಳಬೇಕಾಗಿದೆ.

ಮುಂದೊಂದು ಭಾರಿ ಚಕ್ರ, ಹಿಂದೊಂದು ಪುಟ್ಟ ಚಕ್ರ ಇದ್ದ ಕಾಲದ ಸೈಕಲ್ಲಿನಲ್ಲಿ ಸಾಮಾನಿಗೆ ಜಾಗವೇ ಇರಲಿಲ್ಲ. ಅಂಥ ಸೈಕಲ್ಲಿನಲ್ಲಿ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಭೂಪ್ರದಕ್ಷಿಣೆಗೆ ಹೊರಟ ಥಾಮಸ್ ಸ್ಟೀವನ್ಸ್, ಹ್ಯಾಂಡಲ್ಲಿಗೆ ಕಟ್ಟಿದ ಚೀಲದಲ್ಲಿ ಕಾಲುಚೀಲ, ಒಂದು ಹೆಚ್ಚುವರಿ ಅಂಗಿ, ರಾತ್ರಿ ಗುಡಾರವೂ ಆಗಬಲ್ಲ ಮಳೆಯಂಗಿ ಇಟ್ಟುಕೊಂಡಿದ್ದ. ಅದೇ ವರ್ಷ ನ್ಯೂ ಜೆರ್ಸಿಯ ಕ್ಯಾಮ್ಡೆನ್ ಊರಿನ ಜಾನ್ ಬಿ. ವುಡ್ ಸೈಕಲ್ಲಿಗೆಂದೇ ಮಾಡಿದ ಜೋಡಿಚೀಲಕ್ಕೆ ಪೇಟೆಂಟ್ ಪಡೆದ. ಮರುವರ್ಷ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್ ಸೈಕಲ್ ಎರಡು ಚಕ್ರಗಳನ್ನೂ ಹೆಚ್ಚುಕಡಿಮೆ ಸಮ ಮಾಡಿ, ಹಿಂಚಕ್ರವನ್ನು ಚೈನಿನಿಂದ ಓಡಿಸಿತು. ಸೀಟಿನ ಹಿಂದೆ ಸಾಮಾನಿಗೆ ಒಂದು ತಾಣ ದೊರೆತದ್ದು ಆಗ. ಅಂಚೆ, ಬ್ರೆಡ್ಡು, ಮಾಂಸ ಹಂಚುವವರಿಗೆ ಬೇರೆ ಬೇರೆ ಬಗೆಯ ಸೈಕಲ್ಲುಗಳು ಬಂದವು. ಪ್ಯಾರಿಸ್ಸಿನ ಪತ್ರಿಕೆ ಹಂಚುವವರು ಮುಂಚಕ್ರದ ಮೇಲಿನ ಅಗಲವಾದ ಕ್ಯಾರಿಯರಿನಲ್ಲಿ ಕಟ್ಟು ಹೇರಿಕೊಂಡು ಪೈಪೋಟಿಯ ಮೇಲೆ ಓಡುತ್ತಿದ್ದರು. ಅವರಿಗಾಗಿಯೇ ರೇಸುಗಳೂ ನಡೆಯುತ್ತಿದ್ದವು.

ಚೀಲಗಳ ಕಥೆಯಲ್ಲಿ ಎರಡು ಹೆಸರು ಸಾಕು. ಲ್ಯಾಂಕಶೈರಿನ ನೆಲ್ಸನ್ ಊರಿನ ಕ್ಯಾರಡೈಸ್ ಸಂಸ್ಥೆ 1932ರಿಂದ ದಪ್ಪ ಹತ್ತಿ ಬಟ್ಟೆಯ ಸೀಟುಚೀಲ ಹೊಲಿಯುತ್ತ ಬಂದಿದೆ. ಒದ್ದೆಯಾದಾಗ ಹತ್ತಿಯ ಎಳೆ ಉಬ್ಬಿ ನೇಯ್ಗೆಯ ಸಂದು ಮುಚ್ಚಿಕೊಳ್ಳುವುದರಿಂದ ನೀರು ಒಳಗಿಳಿಯುವುದಿಲ್ಲ. 1981ರಲ್ಲಿ ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ಪ್ರವಾಸ ಮಾಡುತ್ತಿದ್ದ ಜರ್ಮನಿಯ ಹಾರ್ಟ್‌ಮುಟ್ ಓರ್ಟ್‌ಲೀಬ್ ಎಂಬ ಯುವಕ, ಲಾರಿಗಳ ಟಾರ್ಪಾಲಿನ್ ಕಂಡು ಅದರಲ್ಲೇ ಚೀಲ ಮಾಡಿದ. ಇಂದು ಪೇಟೆಯಲ್ಲಿ ಸಿಗುವ, ಬಾಯಿ ಸುತ್ತಿ ಮುಚ್ಚುವ ಪ್ಲಾಸ್ಟಿಕ್ ಲೇಪದ ಚೀಲಗಳೆಲ್ಲ ಹೆಚ್ಚುಕಡಿಮೆ ಆ ವಂಶದವೇ.

ಭಾರತದ ರೋಡ್‌ಸ್ಟರ್: ರೋಡ್‌ಸ್ಟರ್ ಎಂದರೆ ಮೊದಲು ಹೇಳಿದ ಆ ಹಳೆಯ ಕಪ್ಪು ಸೈಕಲ್. ಇದರಲ್ಲಿ ಕ್ಯಾರಿಯರ್ ಬೇರೆ ಕೊಂಡು ಹಾಕಿಸುವ ವಸ್ತುವಾಗಿರಲಿಲ್ಲ, ಸೈಕಲ್ಲಿನ ಒಂದು ಅಂಗವೇ ಆಗಿತ್ತು. ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ ಮುಂತಾದ ಬ್ರಿಟಿಷ್ ಸೈಕಲ್ಲುಗಳ ಮಾದರಿಯನ್ನು ಮದ್ರಾಸಿನ ಟಿಐ ಸೈಕಲ್ಸ್ (1949), ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನದ ಹೀರೊ (1956) ಕಾರ್ಖಾನೆಗಳು ಮುಂದುವರಿಸಿದವು. 28 ಅಂಗುಲದ ಚಕ್ರ, ಒಂದೂವರೆ ಅಂಗುಲದ ಟೈರು, ಕಡ್ಡಿ ಬ್ರೇಕು, ಎರಡೂ ಚಕ್ರಕ್ಕೆ ಪೂರ್ತಿ ಮಡ್‌ಗಾರ್ಡು, ಹಿಂಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಡಬಲ್ ಸ್ಟ್ಯಾಂಡು ಇದರ ಲಕ್ಷಣ. ಮುಂಚಕ್ರಕ್ಕೆ 32, ಹಿಂಚಕ್ರಕ್ಕೆ 40 ಸ್ಪೋಕುಗಳು. ಸವಾರನೂ ಸಾಮಾನೂ ಸೇರಿ ಹಿಂಚಕ್ರಕ್ಕೆ ಬೀಳುವ ಭಾರ ಹೆಚ್ಚು ಎಂದು ಆ ಮಾದರಿ ರೂಪಿಸಿದವರು ಮೊದಲೇ ಲೆಕ್ಕ ಹಾಕಿದ್ದರು. ಕ್ಯಾರಿಯರಿನ ಕಾಲುಗಳು ನೇರವಾಗಿ ಹಿಂಚಕ್ರದ ಅಚ್ಚಿನ ಬಳಿ ಬಂದು ನಿಲ್ಲುತ್ತವೆ, ಆದ್ದರಿಂದ ಹೊರೆ ಫ್ರೇಮಿನ ಕೊಳವೆಗಳನ್ನು ಬಾಗಿಸದೆ ಚಕ್ರಕ್ಕೆ ಇಳಿಯುತ್ತದೆ. ಡಬಲ್ ಸ್ಟ್ಯಾಂಡಿನ ಉಪಕಾರವನ್ನು ಸಾಮಾನು ಹೇರಿದವರೇ ಬಲ್ಲರು: ಸೈಕಲ್ ನೆಟ್ಟಗೆ ನಿಂತಿರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ.

ಕ್ಯಾರಿಯರಿನ ಮೇಲಿನ ಸ್ಪ್ರಿಂಗ್ ಕ್ಲಿಪ್ಪು ಸಣ್ಣ ವಿಷಯವೆನಿಸಬಹುದು. ಕೊಡೆ, ಫೈಲು, ಮಡಿಸಿದ ಪತ್ರಿಕೆ, ಬಟ್ಟೆಚೀಲದ ಕಿವಿ, ಏನನ್ನಾದರೂ ಒಂದೇ ಕೈಯಲ್ಲಿ ಸಿಕ್ಕಿಸಿ ಹೊರಡಬಹುದು. ಬೆಂಗಳೂರಿನ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುತ್ತಿದ್ದ ಕಾರ್ಮಿಕರ ಊಟದ ಡಬ್ಬಿಗಳು ಹೀಗೇ ದಿನಾಲೂ ಹೋಗಿ ಬಂದವು. ಹಾಲಿನವರ ಕ್ಯಾನು, ಪೇಪರಿನವರ ಕಟ್ಟು, ಎಳನೀರಿನ ಗೊನೆ ಇವೂ ಅದೇ ಕ್ಯಾರಿಯರಿನ ಮೇಲೆಯೇ. ಭಾರ ಹೆಚ್ಚಿದ್ದರೆ ಪಂಕ್ಚರ್ ಅಂಗಡಿಯಿಂದ ತಂದ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿ ಬಿಗಿಯುವುದು ರೂಢಿ. ಅಂಗಡಿಯಲ್ಲಿ ಸಿಗುವ ಕೊಕ್ಕೆಯ ರಬ್ಬರ್ ಹಗ್ಗಕ್ಕಿಂತ ಇದು ಎಷ್ಟೋ ಮೇಲು. ಎಳೆದು ಕಟ್ಟಿದ ಕೊಕ್ಕೆ ಜಾರಿದರೆ ಕಣ್ಣಿಗೆ ಹೊಡೆಯುತ್ತದೆ. ಟ್ಯೂಬಿಗೆ ಕೊಕ್ಕೆಯೇ ಇಲ್ಲ, ಬೆಲೆಯೂ ಇಲ್ಲವೆನ್ನುವಷ್ಟು ಕಡಿಮೆ.

ಸೈಕಲ್ ಎಷ್ಟು ಹೊರಬಲ್ಲದು? 1954ರ ದಿಯೆನ್ ಬಿಯೆನ್ ಫು ಕದನದಲ್ಲಿ ವಿಯೆಟ್ನಾಮಿನ ಜನ ಸೈಕಲ್ಲಿಗೆ ಬಿದಿರಿನ ಕೋಲು ಕಟ್ಟಿ 200 ಕಿಲೋಗೂ ಮೀರಿದ ಅಕ್ಕಿ, ಮದ್ದುಗುಂಡು ಸಾಗಿಸಿದರು. ಜಾರ್ಖಂಡಿನ ಕಲ್ಲಿದ್ದಲು ಮಾರುವವರೂ ಅಷ್ಟೇ ಹೊರೆ ಹೇರುತ್ತಾರೆ. ಆದರೆ ಅವರಾರೂ ತುಳಿಯಲಿಲ್ಲ, ತಳ್ಳಿಕೊಂಡು ನಡೆದರು. ತುಳಿಯುವವರಿಗೆ ಮಿತಿ ಹಾಕುವುದು ಫ್ರೇಮಿನ ಗಟ್ಟಿತನವಲ್ಲ. ಸಮತೋಲ ಮತ್ತು ಬ್ರೇಕು. ಇಂದಿನ ಒಳ್ಳೆಯ ಹಿಂಬದಿ ಕ್ಯಾರಿಯರುಗಳ ಮೇಲೆ 25 ಕೆ.ಜಿ. ಎಂದು ಅಚ್ಚಾಗಿರುವುದು ಸಾಮಾನ್ಯ. ಕಚೇರಿಗೆ ಹೋಗುವವರಿಗೆ ಇದು ಬೇಕಾದಷ್ಟಾಯಿತು.

ಮುಂಬಯಿಯ ನೌಕರರು ಇನ್ನೊಂದು ದಾರಿ ಕಂಡುಕೊಂಡರು: ತಾವು ಹೊರುವುದನ್ನೇ ಬಿಟ್ಟರು. 1890ರಲ್ಲಿ ಮಹಾದೇವ ಹಾವಾಜಿ ಬಚ್ಚೆ ಆರಂಭಿಸಿದ ಡಬ್ಬಾವಾಲಾ ವ್ಯವಸ್ಥೆಯಲ್ಲಿ ಮನೆಯಿಂದ ಸ್ಟೇಷನ್ನಿಗೆ ಡಬ್ಬಿ ತರುವುದೂ ಮತ್ತೊಂದು ಸ್ಟೇಷನ್ನಿನಿಂದ ಕಚೇರಿಗೆ ಮುಟ್ಟಿಸುವುದೂ ಹೆಚ್ಚಾಗಿ ಸೈಕಲ್ಲಿನ ಮೇಲೆ, ನಡುವಿನ ದೂರ ರೈಲಿನಲ್ಲಿ. ಕಾಲಿಡಲು ಜಾಗವಿಲ್ಲದ ಲೋಕಲ್ ರೈಲಿನಲ್ಲಿ ಸಾರು ತುಂಬಿದ ಡಬ್ಬಿ ಹಿಡಿದು ನಿಲ್ಲುವ ಕಷ್ಟ ಅವರಿಗೆ ತಪ್ಪಿತು.

ಹೊರೆ ಮತ್ತು ಸಮತೋಲ: ಹೊರೆ ತಗ್ಗಿನಲ್ಲಿದ್ದಷ್ಟೂ, ಎರಡು ಚಕ್ರಗಳ ಅಚ್ಚಿನ ನಡುವೆ ಇದ್ದಷ್ಟೂ ಸೈಕಲ್ ಹೇಳಿದ ಮಾತು ಕೇಳುತ್ತದೆ. ಎತ್ತರದ ಹೊರೆಯ ತೊಂದರೆ ಓಡುವಾಗ ಅಷ್ಟಾಗಿ ತಿಳಿಯದು; ಹೊರಡುವಾಗ, ಸಿಗ್ನಲ್ಲಿನಲ್ಲಿ ಒಂದು ಕಾಲೂರಿ ನಿಲ್ಲುವಾಗ ತಿಳಿಯುತ್ತದೆ. ಭಾರವೆಲ್ಲ ಹಿಂಚಕ್ರದ ಅಚ್ಚಿಗಿಂತ ಹಿಂದೆ ಜೋತುಬಿದ್ದರೆ ಏರಿನಲ್ಲಿ ಮುಂಚಕ್ರ ಹಗುರವಾಗಿ ಹ್ಯಾಂಡಲ್ ಓಲಾಡುತ್ತದೆ. ಕ್ಯಾರಿಯರಿನ ಎರಡು ಪಕ್ಕಕ್ಕೆ ನೇತುಹಾಕುವ ಜೋಡಿಚೀಲ ಈ ಎರಡನ್ನೂ ಒಟ್ಟಿಗೆ ಸರಿಪಡಿಸುತ್ತದೆ. ಒಂದೇ ಪಕ್ಕಕ್ಕೆ ಮೂರ್ನಾಲ್ಕು ಕಿಲೋ ಇದ್ದರೂ ಮೈ ತಾನಾಗಿಯೇ ಹೊಂದಿಕೊಳ್ಳುತ್ತದೆ. ಒಂದೇ ಚೀಲವಾದರೆ ನಮ್ಮ ರಸ್ತೆಗಳಲ್ಲಿ ಎಡಪಕ್ಕ ಒಳ್ಳೆಯದು: ವಾಹನಗಳು ಬಲದಿಂದ ಉಜ್ಜಿಕೊಂಡು ಹೋಗುತ್ತವೆ, ಚೈನಿನ ಎಣ್ಣೆಯೂ ಬಲಕ್ಕೇ. ಒಂದಂತೂ ನೆನಪಿರಬೇಕು: ಪಕ್ಕದ ಸ್ಟ್ಯಾಂಡು ಎಡಕ್ಕಿರುವ ಸೈಕಲ್ ಭಾರವಾದ ಎಡಚೀಲದೊಂದಿಗೆ ನಿಲ್ಲಿಸಿದರೆ ಉರುಳಬಹುದು.

ತೂಕ ಹೆಚ್ಚಾದಂತೆ ಹಿಂಟೈರಿಗೆ ಗಾಳಿಯೂ ಸ್ವಲ್ಪ ಹೆಚ್ಚು ಬೇಕು, ಬ್ರೇಕನ್ನೂ ಮೊದಲೇ ಹಿಡಿಯಬೇಕು. ಹಳೆಯ ಸೈಕಲ್ಲಿನ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕಿನ ಹಿಡಿತ ಬಹುಪಾಲು ಹೋಗಿಬಿಡುತ್ತದೆ. ಹೊರೆ ಹೊತ್ತವರಿಗೆ ಆ ಸೈಕಲ್ಲಿನ ದೊಡ್ಡ ಕೊರತೆ ಇದು.

ಹ್ಯಾಂಡಲ್ಲಿಗೆ ಚೀಲ ನೇತುಹಾಕುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯ. ಚೀಲ ತೂಗಾಡುತ್ತ ಹೋಗಿ ಮುಂಚಕ್ರದ ಸ್ಪೋಕುಗಳ ನಡುವೆ ಸಿಕ್ಕರೆ ಚಕ್ರ ತಟ್ಟನೆ ನಿಲ್ಲುತ್ತದೆ, ಸವಾರ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಊಟದ ಡಬ್ಬಿಯ ವೈರ್ ಬುಟ್ಟಿಯಾಗಲಿ, ತರಕಾರಿಯ ಪ್ಲಾಸ್ಟಿಕ್ ಚೀಲವಾಗಲಿ ಇದಕ್ಕೆ ಹೊರತಲ್ಲ. ಹಿಂಚಕ್ರಕ್ಕೆ ಸೀರೆಯ ಸೆರಗು, ದುಪಟ್ಟಾ, ಚೀಲದ ಉದ್ದ ಪಟ್ಟಿ ಸಿಗುವುದೂ ಇದೇ ಜಾತಿಯ ಅಪಘಾತ. ಹೆಗಲಿಗೆ ಅಡ್ಡಲಾಗಿ ಹಾಕುವ ಜೋಳಿಗೆ ಬಾಗಿ ತುಳಿಯುವಾಗ ಹೊಟ್ಟೆಯ ಕಡೆಗೆ ಜಾರಿ ಮೊಣಕಾಲಿಗೆ ಬಡಿಯುತ್ತದೆ.

ಬುಟ್ಟಿಯದು ನಡುದಾರಿ. ಕರ್ನಾಟಕದಲ್ಲಿ 2006-07ರಿಂದ ಎಂಟನೆಯ ತರಗತಿಯವರಿಗೆ ಹಂಚಲಾದ ಸೈಕಲ್ಲುಗಳಲ್ಲಿ ಹುಡುಗಿಯರ ಮಾದರಿಗೂ, 2017ರಲ್ಲಿ ಮೈಸೂರಿನಲ್ಲಿ ಶುರುವಾದ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ಲುಗಳಿಗೂ ಮುಂದೆ ಬುಟ್ಟಿ ಉಂಟು. ಜಪಾನಿನ ಗೃಹಿಣಿಯರ ಸೈಕಲ್ಲಿಗೆ ಬುಟ್ಟಿಯೇ ಗುರುತು. ಸಾಮಾನು ಕಣ್ಣೆದುರಿಗೇ ಇರುವುದು ಇದರ ಲಾಭ. ಆದರೆ ಬುಟ್ಟಿ ಹ್ಯಾಂಡಲ್ಲಿನ ಜೊತೆಗೇ ತಿರುಗುವುದರಿಂದ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಕೈ ಎಳೆಯುತ್ತದೆ. ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿ 1970ರ ದಶಕದಲ್ಲಿ ರೂಪಿಸಿದ ಬ್ರಾಂಪ್ಟನ್ ಮಡಚು ಸೈಕಲ್ಲಿನಲ್ಲಿ ಮುಂಚೀಲವನ್ನು ಹ್ಯಾಂಡಲ್ಲಿಗೆ ಕಟ್ಟುವುದಿಲ್ಲ, ಫ್ರೇಮಿಗೇ ಸಿಕ್ಕಿಸುತ್ತಾರೆ. ಹ್ಯಾಂಡಲ್ ಎತ್ತ ತಿರುಗಿದರೂ ಚೀಲ ನೇರವಾಗಿಯೇ ಇರುತ್ತದೆ.

ಗೇರ್ ಸೈಕಲ್ಲಿನ ಸಮಸ್ಯೆ: ಈಗ ನಗರಗಳಲ್ಲಿ ಮಾರಾಟವಾಗುವ ಹೈಬ್ರಿಡ್, ಮೌಂಟನ್ ಬೈಕುಗಳು ಕ್ರೀಡೆಯ ಸೈಕಲ್ಲಿನ ಕುಲದವು. ತೂಕ ಇಳಿಸುವ ನೆಪದಲ್ಲಿ ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರು ಮೂರನ್ನೂ ಕಿತ್ತು ಮಾರುತ್ತಾರೆ. ಇಪ್ಪತ್ತೊಂದು ಗೇರು ಕೊಟ್ಟು ಊಟದ ಡಬ್ಬಿಗೆ ಜಾಗ ಕೊಡದಿರುವುದು ವಿಚಿತ್ರವೇ ಸರಿ. ಹೀಗಾಗಿ ಹೊರೆ ಮತ್ತೆ ಬೆನ್ನಿಗೇರಿದೆ. ಬೆನ್ನುಚೀಲಕ್ಕೂ ಅನುಕೂಲವಿಲ್ಲದಿಲ್ಲ: ಇಳಿದೊಡನೆ ನಡೆಯಬಹುದು, ಕದಿಯುವ ಭಯವಿಲ್ಲ, ಗುಂಡಿಯ ಹೊಡೆತವನ್ನು ಕೈಕಾಲುಗಳು ಹೀರಿಕೊಳ್ಳುವುದರಿಂದ ಲ್ಯಾಪ್‌ಟಾಪಿಗೆ ಕ್ಷೇಮ. ಆದರೆ ಬೆನ್ನಿನ ಬೆವರು ಆರುವುದಿಲ್ಲ, ಹೆಗಲು, ಮಣಿಕಟ್ಟು, ಕುಂಡೆ ಮೂರಕ್ಕೂ ಒತ್ತಡ. ನಾಲ್ಕೈದು ಕಿಲೋಮೀಟರಿನ ಮೇಲಿನ ದಾರಿಗೆ, ಅದರಲ್ಲೂ ಬೇಸಿಗೆಯಲ್ಲಿ, ಇದು ಸಲ್ಲದು.

ಇಂಥ ಸೈಕಲ್ಲಿಗೂ ಕ್ಯಾರಿಯರ್ ಕೂಡಿಸಬಹುದು. ಹಿಂಚಕ್ರದ ಅಚ್ಚಿನ ಬಳಿ ಬೋಲ್ಟಿನ ತೂತುಗಳಿದ್ದರೆ ಕೆಲಸ ಸಲೀಸು. ಡಿಸ್ಕ್ ಬ್ರೇಕಿದ್ದರೆ ಅದಕ್ಕೆ ಅಡ್ಡಬಾರದ ಮಾದರಿ ಬೇಕು. ತೂತಿಲ್ಲದಿದ್ದರೆ ಸೀಟಿನ ಕೊಳವೆಗೆ ಬಿಗಿಯುವ ಕ್ಯಾರಿಯರ್ ಉಂಟು. ಹತ್ತು ಕಿಲೋ ದಾಟಿಸಬಾರದು, ಕಾರ್ಬನ್ ಕೊಳವೆಗಂತೂ ಹಾಕಲೇಬಾರದು. ಇನ್ನೊಂದು ತೊಡಕು ಹಿಮ್ಮಡಿಯದು. ರೇಸಿನ ಸೈಕಲ್ಲಿನಲ್ಲಿ ಪೆಡಲಿನ ಅಚ್ಚಿಗೂ ಹಿಂಚಕ್ರದ ಅಚ್ಚಿಗೂ ಇರುವ ದೂರ ಸುಮಾರು 41 ಸೆಂಟಿಮೀಟರ್ ಮಾತ್ರ, ಆದ್ದರಿಂದ ತುಳಿಯುವಾಗ ಹಿಮ್ಮಡಿ ಪಕ್ಕದ ಚೀಲಕ್ಕೆ ತಾಗುತ್ತದೆ. ಚೀಲವನ್ನು ಹಿಂದಕ್ಕೆ ಸರಿಸಿ, ಕೆಳತುದಿ ಹಿಂದಕ್ಕೆ ಓರೆಯಾಗುವಂತೆ ಕಟ್ಟಿದರೆ ಬಿಡುಗಡೆ. ಉದ್ದ ಮೈಯ ರೋಡ್‌ಸ್ಟರಿಗೆ ಈ ಗೋಳಿಲ್ಲ.

ಹೇರುವ ಕ್ರಮದಲ್ಲಿ ಭಾರವಾದದ್ದು ಚೀಲದ ತಳಕ್ಕೆ, ಸೈಕಲ್ಲಿನ ಕಡೆಗೆ. ಲ್ಯಾಪ್‌ಟಾಪನ್ನು ಮೆತ್ತೆಯ ಕವಚದಲ್ಲಿ ಹಾಕಿ, ತಳ ಮುಟ್ಟದಂತೆ ನಿಲ್ಲಿಸಬೇಕು. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರವಾದರೆ ಬೆನ್ನೇ ಲೇಸು. ಸಾರು, ಮೊಸರಿನ ಡಬ್ಬಿಗೆ ಬೇರೆ ಪಕ್ಕ. ಎಷ್ಟು ಬಿಗಿ ಮುಚ್ಚಳವಾದರೂ ಕಾಗದಪತ್ರದ ಜೊತೆ ಇಡುವುದು ಬೇಡ. ಅಂಗಿಯನ್ನು ಮಡಿಸುವ ಬದಲು ಸುತ್ತಿಟ್ಟರೆ ಗೆರೆ ಕಡಿಮೆ. ಜೂನಿನಿಂದ ಅಕ್ಟೋಬರಿನವರೆಗೆ ಒಳಗೊಂದು ಪ್ಲಾಸ್ಟಿಕ್ ಚೀಲ ಇರಲಿ, ಹೊರಚೀಲ ಎಷ್ಟೇ ದುಬಾರಿಯದಾದರೂ. ಹೊರೆ ಹಿಂದಿನ ಕೆಂಪು ದೀಪವನ್ನೂ ಪ್ರತಿಫಲಕವನ್ನೂ ಮರೆಮಾಡುತ್ತದೆ, ಆದ್ದರಿಂದ ಅವನ್ನು ಕ್ಯಾರಿಯರಿನ ತುದಿಗೇ ಕೂಡಿಸಬೇಕು.

ಎಲ್ಲಕ್ಕಿಂತ ಹಗುರ, ಒಯ್ಯದೆ ಬಿಟ್ಟ ಸಾಮಾನು. ವಾರಕ್ಕೊಮ್ಮೆ ಬಟ್ಟೆಗಳನ್ನು ಒಟ್ಟಿಗೆ ತಂದು ಕಚೇರಿಯಲ್ಲಿಡುವುದು, ಬೂಟು, ಟವೆಲು, ಚಾರ್ಜರು ಅಲ್ಲೇ ಬಿಡುವುದು, ಒಂದು ಕಿಲೋ ದಾಟುವ ಕಬ್ಬಿಣದ ಬೀಗವನ್ನು ಕಚೇರಿಯ ಸ್ಟ್ಯಾಂಡಿಗೇ ಹಾಕಿ ಬರುವುದು ಅನುಭವಿಗಳ ರೂಢಿ. ಕಚೇರಿಗಳು ಬೀಗವಿರುವ ಒಂದು ಗೂಡು ಒದಗಿಸಿದರೆ ಅರ್ಧ ಹೊರೆ ಇಳಿದಂತೆ. ಹೊಸ ಸೈಕಲ್ ಕೊಳ್ಳುವವರು ಗೇರು ಎಣಿಸುವ ಮೊದಲು ಹಿಂಚಕ್ರದ ಅಚ್ಚಿನ ಎರಡೂ ಪಕ್ಕ ಬೋಲ್ಟಿನ ತೂತುಗಳಿವೆಯೇ ಎಂದು ನೋಡಲಿ. ಇಲ್ಲದಿದ್ದರೆ ಬೇರೆ ಮಾದರಿ ತೋರಿಸುವಂತೆ ಅಂಗಡಿಯವರನ್ನು ಕೇಳಲಿ.