ವಿದ್ಯುತ್ ಸಂಪರ್ಕದ ಅರ್ಜಿಗೆ ಮುನ್ನ: ಹೊರೆ, ರೋಧ ಹಾಗೂ ಬಳಕೆಯ ಲೆಕ್ಕ

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಒಳಪಟ್ಟಿರುತ್ತವೆ. ಹೊಸ ಸಂಪರ್ಕ ಅಥವಾ ಹೆಚ್ಚುವರಿ ಹೊರೆ ಕೋರುವ ಅರ್ಜಿದಾರರು ಅರ್ಜಿಯಲ್ಲಿ ವಿದ್ಯುತ್ ಹೊರೆಯನ್ನು ಕಿಲೋವ್ಯಾಟ್‌ನಲ್ಲಿ ನಮೂದಿಸಬೇಕಾಗಿರುತ್ತದೆ. ಕೆಲವು ಉಪಕರಣಗಳ ಫಲಕದಲ್ಲಿ ವೋಲ್ಟ್ ಮತ್ತು ಆಂಪಿಯರ್ ಮಾತ್ರ ಮುದ್ರಿತವಾಗಿರುವುದರಿಂದ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಸೂತ್ರಗಳು
ವಿದ್ಯುತ್ ಸಾಮರ್ಥ್ಯ (ವ್ಯಾಟ್) = ವೋಲ್ಟ್ × ಆಂಪಿಯರ್
ರೋಧ (ಓಮ್) = ವೋಲ್ಟ್ ÷ ಆಂಪಿಯರ್
1,000 ವ್ಯಾಟ್ = 1 ಕಿಲೋವ್ಯಾಟ್
1 ಅಶ್ವಶಕ್ತಿ = 746 ವ್ಯಾಟ್

ಉದಾಹರಣೆ: 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಪಡೆಯುವ ಗೀಸರ್‌ನ ಸಾಮರ್ಥ್ಯ ಸುಮಾರು 2,000 ವ್ಯಾಟ್; ಅದರ ರೋಧ ಸುಮಾರು 26.4 ಓಮ್.

2. ಮನೆಯ ಒಟ್ಟು ಹೊರೆ (ಮಾದರಿ)
9 ವ್ಯಾಟ್‌ನ 5 ಎಲ್ಇಡಿ ದೀಪ – 45
75 ವ್ಯಾಟ್‌ನ 3 ಫ್ಯಾನ್ – 225
ಟಿ.ವಿ. – 100
ಫ್ರಿಜ್ – 150
ಮಿಕ್ಸರ್ – 500
ಗೀಸರ್ – 2,000
ಒಟ್ಟು 3,020 ವ್ಯಾಟ್, ಅಂದರೆ 3.02 ಕಿಲೋವ್ಯಾಟ್.

ನಿಗದಿತ ಶುಲ್ಕವು ಮಂಜೂರಾದ ಹೊರೆಯನ್ನು ಅವಲಂಬಿಸಿರುತ್ತದೆ. ಶುಲ್ಕ ಉಳಿಸುವ ಉದ್ದೇಶದಿಂದ ಹೊರೆಯನ್ನು ಕಡಿಮೆ ತೋರಿಸಿದಲ್ಲಿ, ಅದಕ್ಕೆ ತಕ್ಕಂತೆ ಅಳವಡಿಸಿದ ತಂತಿ ಮತ್ತು ಫ್ಯೂಸ್‌ಗಳು ನೈಜ ಹೊರೆಯನ್ನು ತಾಳಲಾರವು.

3. ಸಡಿಲ ಜೋಡಣೆಯ ಅಪಾಯ
ತಂತಿಯ ಜೋಡಣೆ ಸಡಿಲವಾಗಿದ್ದು ಅಲ್ಲಿ 0.5 ಓಮ್ ರೋಧ ಉಂಟಾಗಿದೆ ಎಂದು ಭಾವಿಸಿದರೆ, 10 ಆಂಪಿಯರ್ ಹರಿಯುವಾಗ 5 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. 50 ವ್ಯಾಟ್ ಶಾಖ ಒಂದೇ ಬಿಂದುವಿನಲ್ಲಿ ಉತ್ಪತ್ತಿಯಾಗುತ್ತದೆ. ಬೆಂಕಿ ಅನಾಹುತಗಳಿಗೆ ಇದೂ ಒಂದು ಕಾರಣ. ಪ್ಲಗ್ ಅಥವಾ ಸ್ವಿಚ್ ಬಿಸಿಯಾಗುತ್ತಿದ್ದಲ್ಲಿ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು.

4. ವೋಲ್ಟೇಜ್ ಕುಸಿತ ಮತ್ತು ಪಂಪ್‌ಸೆಟ್
ವೋಲ್ಟೇಜ್ 180ಕ್ಕೆ ಇಳಿದರೆ ಮೇಲ್ಕಂಡ ಗೀಸರ್‌ನ ಸಾಮರ್ಥ್ಯ ಸುಮಾರು 1,225 ವ್ಯಾಟ್‌ಗೆ ಕುಸಿದು ನೀರು ತಡವಾಗಿ ಕಾಯುತ್ತದೆ, ಅಷ್ಟೇ. ಆದರೆ ಹೊರೆ ಹೊತ್ತ ಮೋಟಾರು ವೋಲ್ಟೇಜ್ ಇಳಿದಂತೆ ಹೆಚ್ಚು ಆಂಪಿಯರ್ ಎಳೆಯುವುದರಿಂದ ಸುರುಳಿ ಸುಟ್ಟುಹೋಗುವ ಸಂಭವವಿರುತ್ತದೆ. ಆದುದರಿಂದ ರೈತರು ಮೋಟಾರಿಗೆ ಓವರ್‌ಲೋಡ್ ರಕ್ಷಣೆ ಅಳವಡಿಸಿಕೊಳ್ಳುವುದು ಸೂಕ್ತ.

ಮೂರು ಫೇಸ್ ಮೋಟಾರಿಗೆ ಸೂತ್ರ: 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್. 415 ವೋಲ್ಟ್, 7.5 ಆಂಪಿಯರ್, 0.8 ಪವರ್ ಫ್ಯಾಕ್ಟರ್ ಇದ್ದಲ್ಲಿ ಸುಮಾರು 4,313 ವ್ಯಾಟ್. 5 ಅಶ್ವಶಕ್ತಿ ಎಂದರೆ 3,730 ವ್ಯಾಟ್. ಇದು ಮೋಟಾರು ಹೊರಕ್ಕೆ ನೀಡುವ ಶಕ್ತಿ. ವ್ಯತ್ಯಾಸವು ಮೋಟಾರಿನೊಳಗಿನ ನಷ್ಟವಾಗಿರುತ್ತದೆ.

5. ಯೂನಿಟ್ ಲೆಕ್ಕ
1 ಕಿಲೋವ್ಯಾಟ್ ಹೊರೆ 1 ಗಂಟೆ ನಡೆದರೆ 1 ಯೂನಿಟ್. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ 1 ಗಂಟೆ ಉರಿದರೆ 30 ದಿನಗಳಿಗೆ 60 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ ಪಾವತಿಸಬೇಕಾಗುವುದರಿಂದ ಫಲಾನುಭವಿಗಳು ಈ ಲೆಕ್ಕವನ್ನು ಗಮನಿಸುವುದು.

6. ವಿಶೇಷ ಸೂಚನೆ
ಹೊರೆಯ ಲೆಕ್ಕವನ್ನು ಫಲಕದ ವಿವರಗಳಿಂದಲೇ ಮಾಡತಕ್ಕದ್ದು. ಚಾಲ್ತಿಯಲ್ಲಿರುವ ತಂತಿಯನ್ನು ಸ್ವತಃ ಅಳೆಯಲು ಪ್ರಯತ್ನಿಸಬಾರದು. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ದೂರುಗಳಿಗೆ 1912 ಸಂಖ್ಯೆಗೆ ಕರೆ ಮಾಡಬಹುದಾಗಿದೆ.