ಹಂಪೆಯ ಗುಂಡುಗಳು

ಹಂಪೆಯ ಸುತ್ತಲಿನ ಬೆಟ್ಟಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳನ್ನು ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದಾಡಿದ ಕಲ್ಲುಗಳೆಂದು ಸ್ಥಳೀಯ ಐತಿಹ್ಯ ಹೇಳುತ್ತದೆ. ಭೂವಿಜ್ಞಾನದ ವಿವರಣೆ ಇದಕ್ಕೆ ತದ್ವಿರುದ್ಧವಾದದ್ದು: ಗುಂಡುಗಳಲ್ಲಿ ಹೆಚ್ಚಿನವು ಹುಟ್ಟಿದ ನೆಲೆಯಲ್ಲೇ ಉಳಿದಿವೆ, ಕೊಚ್ಚಿಹೋದದ್ದು ಅವುಗಳನ್ನು ಸುತ್ತುವರಿದಿದ್ದ ಕಲ್ಲು.

ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾಪಾಕ, ಅಂದರೆ ಕರಗಿದ ಕಲ್ಲಿನ ರಸ, ಬಹು ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಆ ನಿಧಾನದಿಂದಾಗಿಯೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ಬೆಳೆದವು. ದಕ್ಷಿಣದ ರಾಮನಗರದ ಬೆಟ್ಟಗಳೂ ಹೆಚ್ಚುಕಡಿಮೆ ಇದೇ ಕಾಲದ ಗ್ರಾನೈಟಿನವು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಆ ಊರಿಗೆ ಬಂದಿದ್ದ ಕ್ಲೋಸ್‌ಪೇಟೆ ಎಂಬ ಹೆಸರು ಊರಿನಿಂದ ಅಳಿದರೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬ ಪಾರಿಭಾಷಿಕ ಪದದಲ್ಲಿ ಉಳಿದುಕೊಂಡಿದೆ.

ಮೇಲಿನ ಪದರಗಳು ಸವೆದು ಭಾರ ಇಳಿದಂತೆಲ್ಲ ಈ ಕಲ್ಲು ಹಿಗ್ಗಿ, ಅಡ್ಡಡ್ಡಲಾಗಿಯೂ ಉದ್ದುದ್ದಲಾಗಿಯೂ ಬಿರಿದು, ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿದಂತಾಯಿತು. ಮಳೆನೀರು ಆ ಬಿರುಕುಗಳಿಗೆ ಇಳಿದಾಗ ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಮೆಲ್ಲಗೆ ಜೇಡಿಯಾಗುತ್ತದೆ, ಬೆಣಚುಕಲ್ಲಿನ ಹರಳುಗಳು ಹಿಡಿತ ತಪ್ಪಿ ಉದುರಿ ಗರಸಾಗುತ್ತವೆ. ಪೆಟ್ಟಿಗೆಯ ಮುಖವನ್ನು ನೀರು ಒಂದೇ ಕಡೆಯಿಂದ ತಿಂದರೆ ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ತಿನ್ನುವುದರಿಂದ, ಚೌಕದ ಕಲ್ಲು ಮಣ್ಣಿನೊಳಗಿರುವಾಗಲೇ ಗುಂಡಾಗತೊಡಗುತ್ತದೆ. ಮುಂದೆ ಗರಸು ಕೊಚ್ಚಿಹೋದಾಗ ಗಟ್ಟಿ ತಿರುಳು ಮಾತ್ರ ಬಯಲಿಗೆ ಬಂದು ನಿಲ್ಲುತ್ತದೆ.

ವಿಜಯನಗರದ ಕಲ್ಲುಕುಟಿಗರು ಬಂಡೆಯ ಮೇಲೆ ಉಳಿಯಿಂದ ಸಾಲಾಗಿ ಕುಳಿ ತೋಡಿ, ಅವುಗಳಿಗೆ ಬೆಣೆ ಜಡಿದು, ಕಲ್ಲನ್ನು ನೇರವಾಗಿ ಸೀಳುತ್ತಿದ್ದರು. ನೀರು ಯುಗಗಳಲ್ಲಿ ಮಾಡಿದ ಕೆಲಸದ ಒಂದು ಭಾಗವನ್ನು ಅವರು ದಿನಗಳಲ್ಲಿ ಮುಗಿಸಿದರೆನ್ನಬಹುದು. ವಿಗ್ರಹಕ್ಕೆ ಬೇಕಾದದ್ದು ಬಿರುಕು ಬೀಳದ ಬಂಡೆ. 1528ರಲ್ಲಿ ಕೃಷ್ಣದೇವರಾಯನ ಆಳ್ವಿಕೆಯಲ್ಲಿ ರೂಪುಗೊಂಡ, 6 ಮೀಟರಿಗೂ ಮಿಕ್ಕಿ ಎತ್ತರವಿರುವ ಉಗ್ರನರಸಿಂಹ ಒಂದೇ ಬಂಡೆಯಿಂದ ಎದ್ದುಬಂದದ್ದು. ಬೇಲೂರು, ಹಳೇಬೀಡುಗಳ ಮೆದುವಾದ ಬಳಪದ ಕಲ್ಲಿನಲ್ಲಿ ಒಡವೆಯ ಎಳೆಎಳೆಯನ್ನೂ ಬಿಡಿಸಿದ ಕೈಚಳಕವನ್ನು ಇಲ್ಲಿ ಹುಡುಕುವುದು ಈ ಗಡಸು ಕಲ್ಲಿಗೆ ಮಾಡುವ ಅನ್ಯಾಯ. ಅದರ ಸೊಗಸು ಇರುವುದು ಗಾತ್ರದಲ್ಲಿ. ಕುಳಿಗಳನ್ನು ತೋಡಿಯೂ ಸೀಳದೆ ಬಿಟ್ಟ ಬಂಡೆಗಳು ಅಲ್ಲಲ್ಲಿ ಇನ್ನೂ ಇವೆ. ಮಳೆಗಾಲದಲ್ಲಿ ಆ ಕುಳಿಗಳಲ್ಲಿ ನೀರು ನಿಲ್ಲುತ್ತದೆ.