ವಿಶೇಷ ಪಡೆಗೆ ಎನ್‌ಸಿಸಿ ಕೆಡೆಟ್‌ಗಳ ಹಾದಿ

ಭೂಸೇನೆಯ ಪ್ಯಾರಾ ವಿಶೇಷ ಪಡೆಯಲ್ಲಿ ಅಧಿಕಾರಿಯಾಗಬಯಸುವ ಕಾಲೇಜು ಕೆಡೆಟ್ ಎರಡು ಆಯ್ಕೆಗಳನ್ನು ದಾಟಬೇಕು. ಮೊದಲನೆಯದು ಅಧಿಕಾರಿ ಹುದ್ದೆಯ ಆಯ್ಕೆ. ಎನ್‌ಸಿಸಿ ವಿಶೇಷ ಪ್ರವೇಶದಡಿ ‘ಸಿ’ ಪ್ರಮಾಣಪತ್ರವುಳ್ಳ ಅರ್ಹ ಪದವೀಧರರಿಗೆ ಲಿಖಿತ ಪರೀಕ್ಷೆಯಿಂದ ವಿನಾಯಿತಿ ಉಂಟು. ಎಸ್‌ಎಸ್‌ಬಿಯ 5 ದಿನಗಳ ಪರೀಕ್ಷೆಯಿಂದಿಲ್ಲ. ಅದು ನಡೆಯುವ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಆಯ್ಕೆಯಾದವರಿಗೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರಗಳ ತರಬೇತಿ.

ಎರಡನೆಯದು ಪ್ರೊಬೇಷನ್. ಸ್ವಇಚ್ಛೆಯಿಂದ ಮುಂದೆ ಬಂದ ಅಧಿಕಾರಿಗಳು ತಿಂಗಳುಗಟ್ಟಲೆ ಭಾರ ಹೊತ್ತ ನಡಿಗೆ, ಹಸಿವು, ನಿದ್ರಾಹೀನತೆಯ ನಡುವೆಯೂ ಸರಿಯಾದ ನಿರ್ಧಾರ ಕೈಗೊಳ್ಳಬೇಕು. ಇದರಲ್ಲಿ ವಿಫಲರಾದವರು ಬೇರೆ ಘಟಕದಲ್ಲಿ ಅಧಿಕಾರಿಗಳಾಗಿಯೇ ಮುಂದುವರಿಯುತ್ತಾರೆ.

ಹೀಗಾಗಿ ಕಾಲೇಜು ದಿನಗಳ ಸಿದ್ಧತೆ ಮೊದಲ ಆಯ್ಕೆಯತ್ತಲೇ ಇರಬೇಕು: ಶಿಬಿರಗಳಲ್ಲಿ ತಂಡದ ಹೊಣೆ, ನಕ್ಷೆಯ ಅರಿವು, ಹಂತಹಂತವಾಗಿ ಹೆಚ್ಚಿಸಿದ ಓಟ. ಅವಸರದಿಂದ ಭಾರ ಹೊತ್ತು ಓಡಿ ಮಂಡಿ ಕೆಡಿಸಿಕೊಂಡರೆ ವೈದ್ಯಕೀಯ ಪರೀಕ್ಷೆಯಲ್ಲಿಯೇ ಹಾದಿ ಮುಚ್ಚಬಹುದು.